ಊರ ಗೋಡೆಗೆಲ್ಲ ನೀರು ಹಾಕಿದ ಕಾಲ

"ಜೀವನದಲ್ಲಿ ಯಾವಾಗಾದ್ರೂ ರೆಗ್ಯುಲರ್ ಆಗಿ ಎಕ್ಸರ್‌ಸೈಜ್ ಮಾಡಿದ್ದೀರಾ?" ಅಂತ ಡಾಕ್ಟರಮ್ಮ ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ, ಇಲ್ಲ ಅಂದೆ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನ್ನ ಹೆಂಡತಿ ಸುಮ್ಮನಿರಬೇಕಲ್ಲ.

"ಯಾಕ್ರೀ ಸುಳ್ಳು ಹೇಳ್ತೀರಾ? ಮನೆ ಕಟ್ಟಿಸುವಾಗ ಮಾಡ್ತಿರ್ಲಿಲ್ವಾ? ಮೇಡಂ, ಒಂದೊಂದ್ ಫ್ಲೋರ್ ಹಾಕಿಸುವಾಗ್ಲೂ ಇವರು ನೀರಿನ ಪೈಪ್ ಥರ ಸಣ್ಣ ಆಗ್ಬಿಡೋರು. ಬಾಡಿಗೆಗೆ ಜನ ಬಂದ್ರೋ ಇಲ್ವೋ, ಮತ್ತೆ ನೀರಿನ ಟ್ಯಾಂಕ್ ಥರ ಆಗ್ಬಿಡೋರು."

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಮೂರು ತಿಂಗಳು ಟೈಮ್ ಕೊಡ್ತೀನಿ. ದಿನಾ ಮೈ ಬೆವರಬೇಕು. ಆಮೇಲೆ ಇನ್ನೊಂದ್ ಸಲ ಟೆಸ್ಟ್. ಆಗಲೂ ಶುಗರ್ ಹೀಗೇ ಇದ್ರೆ ಇನ್ಸುಲಿನ್ ಇಂಜೆಕ್ಷನ್ ಶುರು ಮಾಡೋಣ. ಮನೇಲಿ ನೀವೇ ಚುಚ್ಕೋಬಹುದು, ಏನೂ ಕಷ್ಟ ಇಲ್ಲ."

ನೀವೇ ಚುಚ್ಕೋಬಹುದು! ನನ್ನ ಮತ್ತು ಸೂಜಿಯ ಸಂಬಂಧ ಆ ತಾಯಿಗೆ ಹೇಗೆ ಗೊತ್ತಾಗಬೇಕು? ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಒಂದು ಸಲ ಎಲ್ಲರ ರಕ್ತ ಪರೀಕ್ಷೆ ಇಟ್ಟಿದ್ದರು. ಸಾಲಿನಲ್ಲಿ ನನ್ನ ಮುಂದಿದ್ದವನಿಗೆ ಸೂಜಿ ಚುಚ್ಚಿದ್ದು ನೋಡಿ ಬಿದ್ದವನು ನಾನು. ಬೀಳುವಾಗ ಹಸಿರು ಪರದೆ ಹಿಡಿದುಕೊಂಡೆ, ಪರದೆಯ ಜೊತೆ ಅದರ ಕಬ್ಬಿಣದ ಸ್ಟ್ಯಾಂಡು ಬಂತು, ಸ್ಟ್ಯಾಂಡು ನರ್ಸಮ್ಮನ ಕಾಲ ಮೇಲೆ ಬಿತ್ತು. ಅವತ್ತು ಚಿಕಿತ್ಸೆ ಆದದ್ದು ನಮ್ಮಿಬ್ಬರಿಗೇ. ಇನ್ನು ಚುಚ್ಚುವವನೂ ನಾನೇ, ಚುಚ್ಚಿಸಿಕೊಳ್ಳುವವನೂ ನಾನೇ ಅಂದರೆ, ಬಿದ್ದಾಗ ಹಿಡಿಯುವವರು ಯಾರು?

ಹೆಂಡತಿ ಹೇಳಿದ್ದು ಮಾತ್ರ ನಿಜ. ನಮ್ಮದು ದೊಡ್ಡನೆಕ್ಕುಂದಿ. ಈಗ ನಮ್ಮ ಕಟ್ಟಡ ಇರುವ ಜಾಗದಲ್ಲಿ ನಮ್ಮಪ್ಪ ದಂಟು, ಮೆಂತ್ಯ, ಕೊತ್ತಂಬರಿ ಬೆಳೀತಿದ್ದ. ನಾವು ಅದೇ ಜಾಗದಲ್ಲಿ ಬಾಡಿಗೆದಾರರನ್ನು ಬೆಳೀತೀವಿ. ಕೆಳಗೆ ಒಂದು ಜಿಮ್ಮು, ಅದರ ಮೇಲೆ ನಾವು, ನಮ್ಮ ಮೇಲಿನ ಎರಡು ಫ್ಲೋರಿನಲ್ಲಿ ಕೊರಳಿಗೆ ಕಂಪನಿಯ ಕಾರ್ಡು ನೇತುಹಾಕಿಕೊಂಡ ಮಕ್ಕಳು, ಅದಕ್ಕೂ ಮೇಲೆ ತಾರಸಿ. ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಆದಾಗ ಆದಷ್ಟು ಅಂತ ಒಂದೊಂದೇ ಫ್ಲೋರು ಏರಿಸಿದ್ದು.

ಮನೆ ಕಟ್ಟಿಸದೆ ಇರುವ ಪುಣ್ಯವಂತರಿಗೆ ಇಲ್ಲೊಂದು ಮಾತು. ಸಿಮೆಂಟಿನ ಕೆಲಸ ಆದ ಮೇಲೆ ಅದಕ್ಕೆ ವಾರಗಟ್ಟಲೆ ಬೆಳಿಗ್ಗೆ ಸಂಜೆ ನೀರು ಹಾಕಬೇಕು. ಇದಕ್ಕೆ ಕ್ಯೂರಿಂಗ್ ಅಂತಾರೆ. ಗೋಡೆಗಾದರೆ ಪೈಪಿನಲ್ಲಿ ಹೊಡೆಯಬೇಕು. ತಾರಸಿಗಾದರೆ ಪಾತಿ ಕಟ್ಟಿ ನೀರು ನಿಲ್ಲಿಸಬೇಕು. ತಪ್ಪಿಸಿದಿರೋ, ಬಿರುಕು. ನಮ್ಮ ಕಡೆ ಮನೆ ಕಟ್ಟಿಸುವವರು ಮಗುವಿನ ಲಸಿಕೆ ಮರೆತಾರು, ಕ್ಯೂರಿಂಗ್ ಮರೆಯುವುದಿಲ್ಲ. ಮೇಸ್ತ್ರಿ ಬರುವ ಮುಂಚೆ ನಾನು ಹೋಗಿರುತ್ತಿದ್ದೆ. ಪೈಪ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತುವುದು, ಮೇಲೆ ಹೋದರೆ ನೀರು ಬರದೆ ಇರುವುದು, ಪೈಪ್ ಎಲ್ಲಿ ಮಡಚಿಕೊಂಡಿದೆ ಅಂತ ಇಳಿದು ನೋಡುವುದು, ಮತ್ತೆ ಹತ್ತುವುದು. ಜ್ವರ ಬಂದರೂ ಹೋಗಿದ್ದೇನೆ, ನಮ್ಮ ಮದುವೆಯ ವಾರ್ಷಿಕೋತ್ಸವದ ದಿನವೂ ಹೋಗಿದ್ದೇನೆ (ಅದರ ಕಥೆ ಬೇರೆ, ಹೆಂಡತಿ ಇನ್ನೂ ಹೇಳುತ್ತಿರುತ್ತಾಳೆ). ಯಾಕೆ ಅಂದರೆ ಗೋಡೆ ಕಾಯುತ್ತಿರುತ್ತದೆ. ಹೋಗದಿದ್ದರೆ ಬಿರುಕು ಬಿಟ್ಟು ಊರಿಗೆಲ್ಲ ತೋರಿಸುತ್ತದೆ. ನನ್ನ ಹೊಟ್ಟೆಗೆ ಅಂಥ ಸ್ವಭಾವ ಇಲ್ಲ. ನಾನು ಏನೂ ಮಾಡದಿದ್ದರೆ ಅದು ಸಂತೋಷವಾಗಿ ಬೆಳೆಯುತ್ತದೆ.

ಡಾಕ್ಟರಮ್ಮ ಹೇಳಿದ ಮರುದಿನವೇ ಕೆರೆ ಸುತ್ತ ವಾಕಿಂಗ್ ಹೊರಟೆ. ಅಲ್ಲಿ ನಮ್ಮೂರಿನ ಹಳಬರು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. "ಆ ಟವರ್ ಕಾಣ್ತೈತಲ್ಲ, ಅದು ನಮ್ ಚಿಕ್ಕಪ್ಪನ ರಾಗಿ ಹೊಲ" ಅಂತ ಒಬ್ಬರು ಶುರು ಮಾಡಿದರೆ, "ಅದು ನಿಮ್ದಲ್ಲ, ನಮ್ದು, ನಿಮ್ದು ಆ ಪಾರ್ಕಿಂಗು" ಅಂತ ಇನ್ನೊಬ್ಬರು. ಹೊಲದ ಗಡಿ ತೀರ್ಮಾನ ಆಗುವ ಹೊತ್ತಿಗೆ ಬಿಸಿಲು ಬಂದಿರುತ್ತಿತ್ತು. ಬೆವರಿದ್ದು ಬಿಸಿಲಿಗೆ, ನಡೆದದ್ದಕ್ಕಲ್ಲ.

ಆಮೇಲೆ ಜಿಮ್ಮು. ನಮ್ಮದೇ ಕಟ್ಟಡದ ಜಿಮ್ಮು, ಚಪ್ಪಲಿ ಕೂಡ ಬೇಕಾಗಿಲ್ಲ. ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಿಂತುಕೊಂಡೆ, ಅದು ಕಾಲ ಕೆಳಗೆ ಸರಿಯತೊಡಗಿತು. ಆಗಲೇ ಮೇಲಿನ ಮನೆಯ ಹುಡುಗ ಪಕ್ಕದ ಪಟ್ಟಿ ಹತ್ತಿದ.

"ಅಂಕಲ್, ನಿಮ್ಮನ್ನೇ ಹುಡುಕ್ತಿದ್ದೆ. ನಮ್ ಗೀಸರ್‌ಗೆ ಪ್ರೆಶರ್ ಬರ್ತಿಲ್ಲ."

"ನೋಡೋಣಪ್ಪಾ."

"ಯಾವಾಗ ನೋಡ್ತೀರಾ ಅಂಕಲ್?"

ಓನರ್ ಅಂದವನು ಇಂಥ ಮಾತಿಗೆ ಫೋನ್ ಬಂತು ಅಂತ ಜಾರಿಕೊಳ್ಳಬೇಕು. ಪಟ್ಟಿಯ ಮೇಲೆ ಜಾರಿದರೆ ಹಲ್ಲೇ ಹೋಗುತ್ತದೆ. ನಾನು ಎಷ್ಟು ಜೋರಾಗಿ ಓಡಿದರೂ ಆ ಹುಡುಗನ ಪಕ್ಕದಲ್ಲೇ ಇದ್ದೆ. ಮರುದಿನ ಹೋದಾಗ ಇನ್ನೊಬ್ಬಳು ಹುಡುಗಿ, ಜಿರಲೆ ವಿಷಯ. ಮೂರನೆಯ ದಿನ ನಾನು ಹೋಗಲಿಲ್ಲ. ಹೋಗಿದ್ದರೆ ಲಿಫ್ಟ್ ಯಾಕೆ ಇಲ್ಲ ಅಂತ ಕೇಳುತ್ತಿದ್ದರು.

ಮನೆಯಲ್ಲೇ ಫೋನ್ ನೋಡಿಕೊಂಡು ಯೋಗ ಮಾಡಿದೆ. ಕೊನೆಯಲ್ಲಿ ಬರುವ ಶವಾಸನ ಮೊದಲ ದಿನವೇ ಚೆನ್ನಾಗಿ ಒಲಿಯಿತು. ಹೆಂಡತಿ ತಿಂಡಿಗೆ ಎಬ್ಬಿಸಿದಳು.

"ಇನ್ನೊಂದು ಫ್ಲೋರ್ ಹಾಕ್ಸೋಣ್ವಾ?" ಅಂತ ಅವಳೇ ಕೇಳಿದಳು. ತಮಾಷೆಗಲ್ಲ. ನಾನೂ ತಮಾಷೆ ಅಂದುಕೊಳ್ಳದೆ ನಮ್ಮ ಹಳೆಯ ಮೇಸ್ತ್ರಿಗೆ ಫೋನ್ ಮಾಡಿದೆ. ಆತ ಪಾಯ ಹಾಕಿದವನು, ಅದರ ತಾಕತ್ತು ಬಲ್ಲವನು.

"ಹಾಕ್ಸಿ ಸಾರ್," ಅಂದ. "ನೀವು ವಾಕಿಂಗ್ ಹೊರಟ್ರೆ ಬಿಲ್ಡಿಂಗೂ ನಿಮ್ ಜೊತೆ ಬರುತ್ತೆ."

ಹೀಗೆ ದಾರಿ ಕಾಣದೆ ಕೂತಿದ್ದಾಗ ನನ್ನ ಭಾವಮೈದ ಬಂದ. ಹೆಂಡತಿಯ ತಮ್ಮ, ಹಿಂದಿನ ಬೀದಿಯಲ್ಲೇ ಮನೆ ಕಟ್ಟಿಸುತ್ತಿದ್ದ. ಅವನ ಕಟ್ಟಡದ ಕಾವಲುಗಾರ ಊರಿಗೆ ಹೋದವನು ವಾಪಸ್ ಬಂದಿರಲಿಲ್ಲ. "ಮೊನ್ನೆ ತಾನೆ ತಾರಸಿ ಮೌಲ್ಡ್ ಹಾಕಿದೀವಿ ಅಕ್ಕಾ, ನೀರ್ ಹಾಕೋರೇ ಇಲ್ಲ, ನಾನು ಬೆಳಿಗ್ಗೆ ಬೊಮ್ಮಸಂದ್ರಕ್ಕೆ ಡ್ಯೂಟಿಗೆ ಹೋಗ್ಬೇಕು" ಅಂತ ಗೋಳಾಡಿದ. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು.

"ಬೀಗದ ಕೈ ಕೊಡಪ್ಪಾ," ಅಂದೆ.

ಮರುದಿನ ಕತ್ತಲಿರುವಾಗಲೇ ಎಚ್ಚರ ಆಯಿತು. ಅಲಾರಂ ಇಲ್ಲ, ಹೆಂಡತಿಯ ಬೈಗುಳ ಇಲ್ಲ. ನಮ್ಮ ಹಳೆಯ ಪೈಪ್ ಮೂಲೆಯಲ್ಲಿ ಸುತ್ತಿಕೊಂಡು ಮಲಗಿತ್ತು, ಅದನ್ನು ಹೆಗಲಿಗೆ ಹಾಕಿದೆ. ಭಾವಮೈದನ ತಾರಸಿಯಲ್ಲಿ ಪಾತಿ ತುಂಬಿಸಿದೆ, ಮೆಟ್ಟಿಲು ಮೆಟ್ಟಿಲು ನೆನೆಸಿದೆ, ಪಿಲ್ಲರುಗಳಿಗೆ ಸುತ್ತಿದ್ದ ಗೋಣಿಚೀಲಕ್ಕೆ ಒಂದೊಂದಕ್ಕೂ ಅಭಿಷೇಕ ಮಾಡಿದೆ. ಸಂಜೆ ಮತ್ತೆ ಹೋದೆ. ಆ ವಾರ ಒಂದು ದಿನವೂ ತಪ್ಪಲಿಲ್ಲ. ಬೀದಿಯವರು ನೋಡುತ್ತಿದ್ದರು. "ಅಣ್ಣಾ, ಹೆಂಗೂ ಬರ್ತೀರಾ, ನಮ್ದೂ ಒಂಚೂರು ನೋಡಿ" ಅಂತ ಪಕ್ಕದ ಸೈಟಿನವರು ಕೇಳಿದರು. ಅವರದ್ದೂ ಹಿಡಿದೆ. ತಿಂಗಳಾಗುವಷ್ಟರಲ್ಲಿ ಬೀದಿಯ ನಾಲ್ಕು ಕಟ್ಟಡಕ್ಕೆ ನಾನೇ ನೀರು. ಒಬ್ಬ ಅಪರಿಚಿತ ಕಾರು ನಿಲ್ಲಿಸಿ, "ಅಣ್ಣಾ, ವರ್ತೂರ್ ಕಡೆ ನಮ್ ಸೈಟ್ ಇದೆ, ಫ್ಯಾಮಿಲಿ ಸಮೇತ ಬಂದಿರ್ತೀರಾ? ಶೆಡ್ ಹಾಕ್ಕೊಡ್ತೀನಿ" ಅಂದ. ನಾನು ಮನೆಗೆ ಬಂದು ಹೆಂಡತಿಗೆ, ಸಾಮಾನು ಕಟ್ಟು, ಶೆಡ್ ಸಿಕ್ಕಿದೆ ಅಂದೆ.

ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. ಮೊಳೆ ಕಾಯಿಸಿ ಕೊರೆದವಳು ಹೆಂಡತಿ, ಅವಳ ಮುಖದ ಕಳೆ ನೋಡಬೇಕಿತ್ತು.

ನಮ್ಮವ್ವನಿಗೆ ಮಾತ್ರ ಇದು ಸರಿ ಬರಲಿಲ್ಲ. ಅವ್ವ ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುತ್ತಾಳೆ, ನನ್ನ ಮಾತಿನ ಚಟವೂ ಅವಳಿಂದ ಬಂದದ್ದೇ. ನಾನು ಒದ್ದೆ ಪಂಚೆಯಲ್ಲಿ ಮನೆಗೆ ಬಂದಾಗಲೆಲ್ಲ ಸೊಸೆಗೆ ಕೇಳಿಸುವ ಹಾಗೆ ಹೇಳುವಳು: "ಇವರಪ್ಪ ಸೊಪ್ಪಿಗೆ ನೀರ್ ಕಟ್ದ. ಇವ್ನು ಗ್ವಾಡೆಗೆ ನೀರ್ ಕಟ್ತಾವ್ನೆ. ಆವಯ್ಯ ಕಟ್ಟಿದ್ಕೆ ಸಾರಿಗಾದ್ರೂ ಏನೋ ಸಿಕ್ತಿತ್ತು. ಇವ್ನ ಗ್ವಾಡೆ ಬೇಯಿಸ್ಕೊಂಡ್ ಉಣ್ಣಕ್ಕಾಯ್ತದಾ?"

"ಅವ್ವಾ, ಶುಗರ್ ಇಳಿಯುತ್ತೆ ಕಣವ್ವಾ."

"ಇಳೀಲಿ ಇಳೀಲಿ. ಗ್ವಾಡೆ ಮಾತ್ರ ಬೆಳೆಯಾಕಿಲ್ಲ."

ಟೆಸ್ಟಿಗೆ ಇನ್ನು ಐದು ವಾರ ಇತ್ತು. ಆಗ ಕೆಲಸ ಕಡಿಮೆಯಾಗುತ್ತಾ ಬಂತು. ಅಕ್ಕಪಕ್ಕದ ಕಟ್ಟಡಗಳಿಗೆ ಬಣ್ಣ ಹೊಡೆಯಲು ಶುರು ಮಾಡಿದರು. ಉಳಿದದ್ದು ಭಾವಮೈದನ ಕಾಂಪೌಂಡ್ ಗೋಡೆ ಒಂದೇ. ಅದಕ್ಕೆ ಎಷ್ಟು ನೀರು ಹಾಕಿದ್ದೆ ಅಂದರೆ ಅದರ ಮೇಲೆ ಪಾಚಿ ಬೆಳೆದಿತ್ತು. ಒಂದು ಬೆಳಿಗ್ಗೆ ಪೈಪ್ ಹಿಡಿದು ನಿಂತು ಇನ್ನೆಲ್ಲಿಗೆ ಹಾಕಲಿ ಅಂತ ಸುತ್ತ ನೋಡಿದೆ. ಮನೆಯ ಕೆಳಗಿನ ಹಾಲ್‌ನ ಬಾಗಿಲು ಕಂಡಿತು. ಎರಡು ವಾರದಿಂದ ಕರೆಂಟಿನ ಕೆಲಸ ಅಂತ ಬೀಗ ಹಾಕಿದ್ದರು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಒಳಗೆ ಇನ್ನೂ ಮಬ್ಬು. ತಲೆ ಎತ್ತಿ ನೋಡಿದರೆ ಮೇಲೆ ಬೆಳ್ಳಗೆ ಹೊಸ ಕೆಲಸ, ಮೆಟ್ಟಿಲು ಮೆಟ್ಟಿಲಾಗಿ, ನಡುವೆ ದೊಡ್ಡ ಹೂವು. ನಮ್ಮ ಮನೆಗಳಲ್ಲಿ ಇಂಥದ್ದೆಲ್ಲ ಇಲ್ಲ, ಮೌಲ್ಡ್ ಅಂದರೆ ಮೌಲ್ಡು, ಅದಕ್ಕೆ ಸುಣ್ಣ. ಗೋಡೆ ಮುಟ್ಟಿ ನೋಡಿದೆ. ಒಣಗಿ ಬಿಟ್ಟಿತ್ತು! ಅಯ್ಯೋ ಪಾಪ, ಇದಕ್ಕೆ ಯಾರೂ ಒಂದು ತೊಟ್ಟು ನೀರು ಹಾಕಿಲ್ಲವಲ್ಲ ಅಂತ ಕರುಳು ಚುರ್ ಅಂದಿತು.

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಮೇಲಕ್ಕೆ ಹೊಡೆದೆ. ಹೂವು ದಪ್ಪ ಇದ್ದದ್ದರಿಂದ ಅದಕ್ಕೆ ಜಾಸ್ತಿ ಹೊಡೆದೆ. ಅದು ಚೆನ್ನಾಗಿ ಕುಡಿಯಿತು. ನೀರು ಕುಡಿಯುವ ಗೋಡೆ ಕಂಡರೆ ನನಗೆ ಮೊದಲಿನಿಂದಲೂ ಪ್ರೀತಿ, ಇನ್ನೊಂದು ಸುತ್ತು ಹೊಡೆದೆ. ಹೂವು ನಿಧಾನವಾಗಿ ಹೊಟ್ಟೆ ಬಿಡತೊಡಗಿತು. ಮಬ್ಬಿಗೆ ಹಾಗೆ ಕಾಣುತ್ತಿದೆ ಅಂದುಕೊಂಡೆ. ಹೊಟ್ಟೆ ಇನ್ನೂ ಜೋತುಬಿತ್ತು, ಎರಡು ತಿಂಗಳ ಹಿಂದಿನ ನನ್ನ ಹೊಟ್ಟೆಯ ಹಾಗೇ. ಆಮೇಲೆ ನೆನೆದ ಹಪ್ಪಳ ಕೈಯಿಂದ ಜಾರುವ ಹಾಗೆ, ಜೋರು ಸದ್ದೂ ಇಲ್ಲದೆ, ಇಡೀ ಹೂವು ನನ್ನ ತಲೆಯ ಮೇಲೆ ಬಂದು ಕೂತಿತು.

ಪೆಟ್ಟೇನೂ ಆಗಲಿಲ್ಲ. ಹೂವಿನ ಒಳಗೆ ಕತ್ತಲೆ, ತಣ್ಣಗಿತ್ತು. ತಲೆ ಹೊರಗೆ ಹಾಕಿ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಭಾವಮೈದ ನಿಂತಿದ್ದ. ಡ್ಯೂಟಿಗೆ ಹೋಗುವ ಮುಂಚೆ ಹೊಸ ಹಾಲ್ ನೋಡಿ ಹೋಗೋಣ ಅಂತ ಬಂದಿದ್ದನಂತೆ.

"ಯಾರ್ರೀ ಅದು?" ಅಂದ.

"ನಾನೇ ಕಣಪ್ಪಾ."

"ಭಾವಾ! ಏನ್ ಮಾಡ್ಬಿಟ್ರಿ ಭಾವಾ! ಜಿಪ್ಸಮ್ ಸೀಲಿಂಗ್‌ಗೆ ಯಾರಾದ್ರೂ ನೀರ್ ಹಾಕ್ತಾರಾ?"

"ಒಣಗಿತ್ತಪ್ಪಾ..."

"ಒಣಗ್ಲಿ ಅಂತಾನೇ ಬಿಟ್ಟಿದ್ದು! ಒಳಗಿನ ಕೆಲಸಕ್ಕೆ ನೀರ್ ಬೇಡ, ಕ್ಯೂರಿಂಗ್ ಎಲ್ಲಾ ಮುಗೀತು ಅಂತ ಅಕ್ಕಂಗೆ ಹೇಳಿ ಹತ್ತು ದಿನ ಆಯ್ತು. ಅವಳು ಹೇಳ್ಲಿಲ್ವಾ?"

ನಾನು ಮೊದಲು ಉಗುಳಿದೆ. ಬಾಯಿಯಲ್ಲಿ ಒಂದು ದಳ ಇತ್ತು.

ಮೈಯೆಲ್ಲ ಬೆಳ್ಳಗೆ ಮೆತ್ತಿಕೊಂಡು ಮನೆಗೆ ಬಂದಾಗ ಅವ್ವ ಬಾಲ್ಕನಿಯಿಂದ, "ಯಾರವ್ವಾ ಅದು, ಭಿಕ್ಷೆಕ್ ಬಂದವ್ರೆ, ಅಕ್ಕಿ ಹಾಕು" ಅಂತ ಸೊಸೆಗೆ ಕೂಗಿದಳು. ಹೆಂಡತಿ ಬಾಗಿಲು ತೆಗೆದು ನೋಡಿದವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ಗೊತ್ತಾಗಲಿಲ್ಲ.

"ಯಾಕೆ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ನೀವು ಪೈಪ್ ಸುತ್ತಿಟ್ಟು ಕಾಲು ಚಾಚ್ಕೊಂಡು ಕೂತ್ಬಿಡ್ತಿದ್ರಿ. ಟೆಸ್ಟ್ ಇನ್ನೂ ಬಾಕಿ ಇತ್ತಲ್ರೀ. ಕಾಂಪೌಂಡ್ ಗೋಡೆಗೆ ಹಾಕ್ಕೊಂಡಿರ್ತಾರೆ ಅನ್ಕೊಂಡೆ, ಅದೇನ್ ಬೀಳುತ್ತಾ?"

"ತಮ್ಮನ ಮನೆ ಹಾಳಾಯ್ತಲ್ಲೇ!"

"ಹೂವು ಇನ್ನೊಂದ್ ಮಾಡಿಸ್ಕೋತಾನೆ. ನಿಮಗೆ ಆ ಇಂಜೆಕ್ಷನ್ ಬಂದ್ರೆ ಚುಚ್ಚೋಳು ಯಾರು? ನೀವಂತೂ ಬಿದ್ದಿರ್ತೀರಿ. ದಿನಾ ನಾನೇ ತಾನೆ ಚುಚ್ಬೇಕಾಗೋದು? ನನ್ ಕೈಯಲ್ಲಾಗಲ್ಲ ಕಣ್ರೀ." ಅವಳ ಕಣ್ಣು ನಿಜವಾಗಿಯೂ ತುಂಬಿತ್ತು. ಸೂಜಿಗೆ ಹೆದರುವವನು ಮನೆಯಲ್ಲಿ ನಾನೊಬ್ಬನೇ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ಸುದ್ದಿ ಸಂಜೆಯೊಳಗೆ ಬೀದಿ ತುಂಬಿತು. ಮರುದಿನ ನಾನು ಸುಮ್ಮನೆ ಹಾಲು ತರಲು ಹೋದರೂ ಜನ ಗೇಟು ಹಾಕಿಕೊಂಡರು. ಹಿಂದಿನ ಬೀದಿಯ ಸೈಟಿನವರು ನಲ್ಲಿಗೇ ಬೀಗ ಹಾಕಿದರು. ಭಾವಮೈದ ಅಕ್ಕನ ಜೊತೆ ಮಾತಾಡುತ್ತಿದ್ದ, ನನ್ನ ಜೊತೆ ಇಲ್ಲ. ಬೀಗದ ಕೈ ಮಾತ್ರ ಬಂದು ಇಸಿದುಕೊಂಡು ಹೋದ. ಹೆಂಡತಿ ನನ್ನ ಪೈಪನ್ನು ಎತ್ತಿ ಎಲ್ಲೋ ಇಟ್ಟಳು.

ಬೆಳಗಿನ ಜಾವ ಎಚ್ಚರ ಮಾತ್ರ ಎಂದಿನಂತೆ ಆಗುತ್ತಿತ್ತು. ಎದ್ದು ಕೂತು ಎರಡು ಕೈಯನ್ನೂ ನೋಡಿಕೊಳ್ಳುತ್ತಿದ್ದೆ. ಅದನ್ನು ಕಂಡ ಅವ್ವ ಅಂದಳು: "ಏನ್ಲಾ ಅಂಗ್ ಕುಂತಿದ್ದೀಯಾ, ತಿಥಿ ಮನೇಲ್ ಕುಂತಂಗೆ? ಮ್ಯಾಲ್ಕ್ ಓಗು. ತಾರ್ಸಿ ಮ್ಯಾಲೆ ಮಣ್ ಹಾಕಿ ಪಾತಿ ಕಟ್ಟು. ದಂಟಿನ್ ಬೀಜ ನನ್ ಪೆಟ್ಟಿಗೇಲಿ ಐತೆ."

ಹಾಗೆ ಶುರುವಾಯಿತು. ಗೋಣಿಚೀಲದಲ್ಲಿ ಮಣ್ಣು ಹೊತ್ತು ತಾರಸಿಗೆ ಏರಿಸಿದೆ. ಜಿಮ್ಮಿನ ಹುಡುಗರು ಬಾಗಿಲಿಗೆ ಬಂದು ನಿಂತು ನೋಡಿದರು. "ಓನರ್ ಸಾರ್, ಸಕ್ಕತ್! ಬೆನ್ನು ನೆಟ್ಟಗಿಟ್ಕೊಳ್ಳಿ!" ಅಂತ ಅವರ ಮಾಸ್ಟರು ಕೂಗಿದ. ಪಾತಿಯನ್ನು ಕ್ಯೂರಿಂಗ್ ಪಾತಿಯ ಅಳತೆಯಲ್ಲೇ ಕಟ್ಟಿದೆ, ಕೈಗೆ ಬೇರೆ ಅಳತೆ ಗೊತ್ತಿರಲಿಲ್ಲ. ನೀರು ಹಾಕೋಣ ಅಂತ ತಾರಸಿಯ ನಲ್ಲಿ ತಿರುಗಿಸಿದರೆ ಗಾಳಿ ಬಂತು.

"ಅದು ಕೆಟ್ಟೋಗಿದೆ," ಅಂದಳು ಹೆಂಡತಿ. "ಮನೆಯಿಂದ ಬಕೆಟ್‌ನಲ್ಲಿ ಹೊತ್ಕೊಂಡ್ ಹೋಗಿ." ಹಿಂದಿನ ಸಂಜೆಯೇ ಪ್ಲಂಬರ್ ಮೇಲಿಂದ ಇಳಿದು ಬಂದು ಅವಳ ಹತ್ತಿರ ದುಡ್ಡು ಇಸಿದುಕೊಳ್ಳುವುದನ್ನು ನಾನು ನೋಡಿದ್ದೆ. ಆದರೂ ಬಕೆಟ್ ಹೊತ್ತೆ. ಪಾತಿಯಲ್ಲಿ ನೀರು ನಿಲ್ಲುವವರೆಗೆ ಹೊತ್ತೆ, ಅದೂ ಕ್ಯೂರಿಂಗ್ ಅಭ್ಯಾಸವೇ. ದಂಟು ಮೊಳೆಯಿತು. ಅವ್ವ ಒಂದು ದಿನ ಒಂದೊಂದೇ ಮೆಟ್ಟಿಲು ಹತ್ತಿ ಬಂದು ನೋಡಿ, "ಪರವಾಗಿಲ್ಲ, ನಿಮ್ಮಪ್ಪನ್ ಕೈ" ಅಂದು ಇಳಿದು ಹೋದಳು.

ಟೆಸ್ಟಿನ ದಿನ ಬಂತು. ಸೂಜಿ ತಪ್ಪಿಸಿಕೊಳ್ಳಬೇಕಾದರೆ ಮೊದಲು ಸೂಜಿ ಚುಚ್ಚಿಸಿಕೊಂಡು ರಕ್ತ ಕೊಡಬೇಕು, ಯಾರು ಮಾಡಿದ ನ್ಯಾಯವೋ. ಲ್ಯಾಬಿನಲ್ಲಿ ಮಲಗಿಸಿ ಅಂದೆ. ಹೆಂಡತಿ ಸೆರಗಿನಿಂದ ನನ್ನ ಕಣ್ಣು ಮುಚ್ಚಿ, ತನ್ನ ಕಣ್ಣನ್ನು ಆ ಕಡೆ ತಿರುಗಿಸಿಕೊಂಡಳಂತೆ.

"ಚುಚ್ಚುವಾಗ ಹೇಳಮ್ಮಾ," ಅಂದೆ.

"ಅಂಕಲ್, ಹತ್ತಿ ಗಟ್ಟಿಯಾಗಿ ಒತ್ಕೊಳ್ಳಿ, ಆಗೋಯ್ತು," ಅಂದಳು ಲ್ಯಾಬಿನ ಹುಡುಗಿ.

ಡಾಕ್ಟರಮ್ಮ ರಿಪೋರ್ಟ್ ನೋಡಿ ಹುಬ್ಬೇರಿಸಿದರು. "ಚೆನ್ನಾಗಿ ಇಳಿದಿದೆ. ಇಂಜೆಕ್ಷನ್ ಸದ್ಯಕ್ಕೆ ಬೇಡ. ಮಾತ್ರೆ ಹೀಗೇ ಇರ್ಲಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ಏನು ಮಾಡ್ತಿದ್ರೋ ಅದನ್ನ ಬಿಡಬೇಡಿ. ಅಂದ ಹಾಗೆ, ಏನ್ ಮಾಡಿದ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, "ಗಾರ್ಡನಿಂಗ್ ಮೇಡಂ," ಅಂದುಬಿಟ್ಟಳು.

ಅವತ್ತು ದಂಟು ಕಿತ್ತು ಉಪ್ಸಾರು ಮಾಡಿದರು. ಒಂದು ಕಟ್ಟು ಭಾವಮೈದನ ಮನೆಗೂ ಹೋಯಿತು. "ಇದಕ್ಕೆ ನೀರ್ ಹಾಕ್ಬಹುದಾ ಕೇಳು" ಅಂತ ಅವನು ಅಕ್ಕನ ಹತ್ತಿರ ಹೇಳಿ ಕಳಿಸಿದ, ಅಂದರೆ ಮಾತು ಶುರುವಾದ ಹಾಗೇ.

ನಿಜವಾದ ತೊಂದರೆ ಶುರುವಾದದ್ದು ಅದರ ಮರುದಿನ. ಎಚ್ಚರ ಆಯಿತು. ಸೊಪ್ಪು ಕಿತ್ತಾಗಿತ್ತು, ಇಂಜೆಕ್ಷನ್ ದೂರ ಹೋಗಿತ್ತು, ಮೂರು ತಿಂಗಳು ಅಂದರೆ ಬೇಕಾದಷ್ಟು ಕಾಲ. ಕಂಬಳಿ ಎಳೆದುಕೊಂಡೆ. ಅದರ ಮರುದಿನವೂ ಎಳೆದುಕೊಂಡೆ. ಹೆಂಡತಿ ಬಾಗಿಲ ಬಳಿ ಬಂದು ನಿಂತು ನೋಡಿ, ದೀಪ ಆರಿಸಿ ಹೋದಳು. ಬೈದಿದ್ದರೆ ವಾಸಿ ಇತ್ತು. ಬೆಲ್ಟಿನ ಹೊಸ ತೂತು ನೆನಪಾಯಿತು, ಆದರೂ ಏಳಲಾಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬೆಲ್ ಆಯಿತು. ಮೇಲಿನ ಫ್ಲೋರಿನ ಹುಡುಗ, ಗೀಸರ್‌ನವನು. ಕೊರಳಲ್ಲಿ ಕಾರ್ಡು, ತಲೆ ತುಂಬಾ ಸಿಮೆಂಟ್ ಪುಡಿ.

"ಅಂಕಲ್, ನಮ್ ಬೆಡ್‌ರೂಮ್ ಸೀಲಿಂಗಿಂದ ನೀರ್ ತೊಟ್ಟಿಕ್ತಿದೆ. ಈಗ ಒಂದ್ ಕಡೆ ಪ್ಲಾಸ್ಟರ್ ಉದುರ್ತು. ಮೇಲೆ ಏನಾದ್ರೂ ನೀರ್ ನಿಲ್ಸಿದ್ರಾ?"

ಓನರ್ ಆದವನ ಎದೆ ಒಡೆಯಬೇಕಾದ ಮಾತು. ನಾನು ಕಂಬಳಿ ಹೊದ್ದುಕೊಂಡೇ ಬಾಗಿಲಿಗೆ ಬಂದೆ. ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

"ಪ್ಲಾಸ್ಟರ್ ಕಿತ್ತು ಹೊಸದಾಗಿ ಮಾಡಿಸ್ಬೇಕಾಗುತ್ತಲ್ವೇನ್ರೀ?" ಅಂದಳು ನಿಧಾನವಾಗಿ.

"ಹೂಂ. ಮೇಲೆ ತಾರಸಿಗೂ ಹೊಸದಾಗಿ ಹಾಕಿಸ್ಬೇಕು."

"ಸಿಮೆಂಟೇ ತಾನೆ? ಆ ಬಿಳೀದಲ್ವಲ್ಲ?"

"ಸಿಮೆಂಟೇ."

"ಆಮೇಲೆ ಪಾತಿಗೆ ಏನಾದ್ರೂ ಉಪಾಯ ಮಾಡಿದ್ರಾಯ್ತು."

"ಮಾಡೋಣ."

ಅವಳು ಒಳಗೆ ಹೋಗಿ ಮಂಚದ ಕೆಳಗಿನಿಂದ ಎಳೆದು ತಂದಳು. ನನ್ನ ಪೈಪು. ನಾನು ಕಂಬಳಿ ಕೆಳಗೆ ಬಿಟ್ಟು ಅದನ್ನು ಹೆಗಲಿಗೆ ಹಾಕಿಕೊಂಡೆ. ಮೇಸ್ತ್ರಿಗೆ ಇನ್ನೂ ಫೋನ್ ಕೂಡ ಮಾಡಿರಲಿಲ್ಲ. ಬಾಲ್ಕನಿಯಿಂದ ಅವ್ವ ನಿಟ್ಟುಸಿರು ಬಿಟ್ಟಳು: "ಮತ್ತೆ ಗ್ವಾಡೆ."

ಬಾಗಿಲಲ್ಲಿ ನಿಂತಿದ್ದ ಹುಡುಗ ನನ್ನನ್ನೂ ಹೆಂಡತಿಯನ್ನೂ ನೋಡಿದ. ತಲೆಯ ಮೇಲಿನ ಪುಡಿ ಕೊಡವಿಕೊಂಡ.

"ಅಂಕಲ್," ಅಂದ, "ನಮ್ ಮನೆ ಸೋರ್ತಿದೆ. ನೀವಿಬ್ರೂ ಯಾಕೆ ನಗ್ತಿದ್ದೀರಾ?"